ಗಾಡಿ ಬಂತು, ಏಳ್ರಿ

ಕೇರಿಯ ಹೆಣ್ಣುಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುವ ಎರಡನೆಯ ವಿದ್ಯೆ, ಹೇಲಲು ಕೂತಾಗ ನಡುವೆಯೇ ಎದ್ದು ನಿಲ್ಲುವುದು.

ಬ್ಯಾಡಗಿಯಲ್ಲಿ ಆ ಕೇರಿಗೂ ರೈಲು ಹಳಿಗೂ ನಡುವೆ ಒಂದು ಬಯಲಿದೆ. ಜಾಲಿಕಂಟಿ, ಒಡೆದ ಬಾಟಲಿ, ಹಂದಿ, ಹೇಲು. ಬೆಳಕು ಹರಿಯುವ ಮುಂಚೆ ಹೆಂಗಸರು ತಂಬಿಗೆ ಹಿಡಿದು ಅಲ್ಲಿಗೆ ಹೋಗುತ್ತಾರೆ. ಕಂಟಿಗೊಬ್ಬರಂತೆ ಕೂರುತ್ತಾರೆ. ಹುಬ್ಬಳ್ಳಿ ಕಡೆಯಿಂದಲೋ ದಾವಣಗೆರೆ ಕಡೆಯಿಂದಲೋ ಗಾಡಿಯ ದೀಪ ಕಂಡಿತೆಂದರೆ ಮುದುಕಿ ಮಂಗಳವ್ವ ಕೂಗುತ್ತಾಳೆ. "ಗಾಡಿ ಬಂತು, ಏಳ್ರಿ!" ಎಲ್ಲರೂ ಸೀರೆ ಇಳಿಬಿಟ್ಟು ಎದ್ದು ನಿಲ್ಲುತ್ತಾರೆ. ಅರ್ಧ ಆದದ್ದು ಅರ್ಧಕ್ಕೇ ನಿಲ್ಲುತ್ತದೆ. ಕಿಟಕಿಯಿಂದ ಒಬ್ಬ ಸಿಳ್ಳು ಹಾಕುತ್ತಾನೆ. ಇನ್ನೊಬ್ಬ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾನೆ. ಗಾಡಿ ದಾಟಿದ ಮೇಲೆ ಮತ್ತೆ ಕೂರಬೇಕು. ಗೂಡ್ಸ್ ಗಾಡಿಯಾದರೆ ಅದರ ಡಬ್ಬಿಗಳು ಮುಗಿಯುವುದೇ ಇಲ್ಲ. ನಿಂತವರ ತೊಡೆಗಳು ನಡುಗುತ್ತವೆ.

ಸುನಿತಾ ಚಿಕ್ಕವಳಿದ್ದಾಗ ತಾಯಿ ಮರಿಯವ್ವನನ್ನು ಕೇಳಿದ್ದಳು. "ಗಾಡ್ಯಾಗ ಕುಂತಾವ್ರು ಯಾಕ ಮಾರಿ ತಿರುಗಸೂದಿಲ್ಲ ಬೇ? ನಾವ ಯಾಕ ಏಳಬೇಕು?"

"ಅವರು ಟಿಕೀಟ ತಗೊಂಡು ಕುಂತಾರವ್ವ," ಎಂದಿದ್ದಳು ಮರಿಯವ್ವ.

ಆಗ ನಗು ಬಂದಿತ್ತು. ದೊಡ್ಡವಳಾದಂತೆ ಆ ನಗು ನಿಂತಿತು.

ಮರಿಯವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವವಳು. ಹೊತ್ತು ಏರಿದಾಗಿನಿಂದ ಇಳಿಯುವ ತನಕ ಕೆಂಪು ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯಬೇಕು. ಘಾಟು ಮೂಗಿಗೆ, ಕಣ್ಣಿಗೆ, ಗಂಟಲಿಗೆ. ಗೋದಾಮಿನಲ್ಲಿ ಹೆಂಗಸರಿಗೆ ಪಾಯಖಾನೆ ಇಲ್ಲ. ಸಾಹುಕಾರರ ಕಚೇರಿಯ ಹಿಂದೆ ಬಿಳಿ ಹಂಚು ಹಾಕಿದ್ದು ಒಂದಿದೆ, ಅದಕ್ಕೆ ಕೀಲಿ. ಅದಕ್ಕೇ ಹೆಂಗಸರು ದಿನವಿಡೀ ನೀರು ಕುಡಿಯುವುದಿಲ್ಲ. ಘಾಟಿಗೆ ಕೆಮ್ಮು ಬರುತ್ತದೆ. ಕೆಮ್ಮಿದರೆ ಉಚ್ಚೆ ಹನಿಯುತ್ತದೆ. ಮೂರು ಹೆತ್ತವಳಿಗೆ ಹೆಚ್ಚು ಹನಿಯುತ್ತದೆ. ಒದ್ದೆ ಸೀರೆಯಲ್ಲೇ ಕೂತು ಅವರು ತೊಟ್ಟು ಮುರಿಯುತ್ತಾರೆ. ಅದೇ ಮೆಣಸಿನಕಾಯಿ ಊರೂರಿಗೆ ಹೋಗಿ, ಬಣ್ಣ ಎಷ್ಟು ಚಂದ ಎಂದು ಹೊಗಳಿಸಿಕೊಳ್ಳುತ್ತದೆ.

ಈ ಹೆಂಗಸರು ಎಡಗೈಗೆ ಹಳೆಯ ಅರಿವೆಯನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತಾರೆ. ಕೆಲಸ ನಿಧಾನವಾಗುತ್ತದೆ ಎಂದು ಕೂಲಿಯವರ ಮೇಲ್ವಿಚಾರಕ ಮುಕಾದಮ ಬೈಯುತ್ತಾನೆ. ಬೈದರೂ ಬಿಚ್ಚುವುದಿಲ್ಲ. ಬಲಗೈ ಉರಿಯಲಿ, ಹೊಟ್ಟೆಗೆ ಹಾಕುವ ಕೈ ಅದು. ಎಡಗೈ ಉರಿಯುವಂತಿಲ್ಲ. ಬಯಲಿನಲ್ಲಿ ತೊಳೆದುಕೊಳ್ಳುವ ಕೈ ಅದು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಮೊದಲ ದಿನ ಇದನ್ನು ತಿಳಿಯದೆ ಎರಡೂ ಕೈ ಹಚ್ಚುತ್ತಾರೆ. ಮರುದಿನ ಬಯಲಿನಲ್ಲಿ ಅವರ ಕೂಗು ಕೇಳುತ್ತದೆ. ಮೂರನೆಯ ದಿನ ಅರಿವೆ ಸುತ್ತಿಕೊಂಡು ಬರುತ್ತಾರೆ. ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹೇಳಲು ಅಸಹ್ಯ.

ಸುನಿತಾ ಹಾವೇರಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಮುಗಿಸಿದ್ದಳು. ಭೂಗೋಳ ಹೇಳುತ್ತಿದ್ದ ಹಜರತಅಲಿ ಸರ್ ಒಂದು ದಿನ ಪಾಠ ಬಿಟ್ಟು ಬೇರೆ ಮಾತಾಡಿದ್ದರು.

"ಊರು ತಾನಾಗಿ ಹಿಂಗ ಬೆಳದಿಲ್ಲ. ರಸ್ತಾ ಎಲ್ಲಿ ಹೋಗಬೇಕು, ಗಟಾರ ಎಲ್ಲಿ ಹರೀಬೇಕು, ಯಾರ ಮನಿ ಮುಂದ ಕಸ ಬೀಳಬೇಕು, ಎಲ್ಲಾ ಯಾರೋ ಕುಂತು ಠರಾಯಿಸ್ಯಾರ. ಹಂಗ ಠರಾಯಿಸೂದನ್ನ ಕಲಸೂ ಕೋರ್ಸ್ ಐತಿ. ಜನ, ಪರಿಸರ, ನಗರ ಯೋಜನೆ ಅಂತಾರ. ನಮ್ಮ ಕಡೆಯವರು ಯಾರೂ ಹೋಗಿಲ್ಲ. ಅದಕ್ಕ ನಮ್ಮ ಊರು ಹಿಂಗ ಅದಾವ."

ಸುನಿತಾಳಿಗೆ ಆ ದಿನ ಊಟ ಸೇರಲಿಲ್ಲ. ಬಯಲನ್ನು ಆಕೆ ದೇವರು ಕೊಟ್ಟದ್ದು ಎಂದೇ ತಿಳಿದಿದ್ದಳು. ಯಾರೋ ಕೂತು ಕೊಟ್ಟದ್ದು! ಫ್ಯಾನಿನ ಕೆಳಗೆ ಕೂತು, ಚಹಾ ಕುಡಿಯುತ್ತ, ಈ ಜನ ಇಲ್ಲಿ ಹೇಲಲಿ ಎಂದು ಕೊಟ್ಟದ್ದು! ಆ ದಿನವೇ ಗಟ್ಟಿ ಮಾಡಿಕೊಂಡಳು. ಓದಿದರೆ ಅದನ್ನೇ ಓದುವುದು. ಸರ್ ಕೊಟ್ಟ ಪುಸ್ತಕಗಳನ್ನು ಬಸ್ಸಿನಲ್ಲಿ ನಿಂತು ಓದಿದಳು. ಪ್ರವೇಶ ಪರೀಕ್ಷೆ ಬರೆದಳು. ದೂರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಕೇರಿಯಲ್ಲಿ ಸಕ್ಕರೆ ಹಂಚಿದರು. ಮಂಗಳವ್ವ ಸಕ್ಕರೆ ಚಪ್ಪರಿಸುತ್ತ ಕೇಳಿದಳು. "ಊರ ಕಟ್ಟೂದನ್ನ ಸಾಲ್ಯಾಗ ಕಲಸ್ತಾರೇನ? ಹಂಗಾರ ನಮಗೊಂದು ಬಾಗಲಾ ಇರೂ ಪಾಯಖಾನಿ ಕಟ್ಟವ್ವ. ಒಳಗ ಚಿಲಕ ಇರ್ಬೇಕ ನೋಡ."

ಫೀಜು, ಹಾಸ್ಟೆಲ್ಲು ಕಟ್ಟುವವರು ಯಾರು? ಅಪ್ಪ ಅಜ್ಜಪ್ಪ ಹಮಾಲ. ಬೆನ್ನಿನ ಮೇಲೆ ಚೀಲ ಹೊತ್ತು ಹೊತ್ತು ಕುತ್ತಿಗೆಯ ಕೆಳಗೆ ಗಂಟು ಕಟ್ಟಿದೆ. ಆತನೇ ಹೋಗಿ ಸಾಹುಕಾರ ವಿಜಯಮಹಾಂತೇಶರ ಮುಂದೆ ಕೈಮುಗಿದು ನಿಂತ. ಮರಿಯವ್ವ ತೊಟ್ಟು ಬಿಡಿಸುವ ಗೋದಾಮು ಅವರದೇ, ಅಜ್ಜಪ್ಪ ಚೀಲ ಹೊರುವ ಕೋಲ್ಡ್ ಸ್ಟೋರೇಜೂ ಅವರದೇ. ಅವರದೊಂದು ಟ್ರಸ್ಟೂ ಇತ್ತು. ಸಾಹುಕಾರರು ಕೂಡಲೇ ಒಪ್ಪಿದರು. "ನಿನ್ನ ಮಗಳು ನಮ್ಮ ಮಗಳಿದ್ದಂಗ. ಪೂರಾ ನಾವ ಓದಸ್ತೇವಿ." ಅಜ್ಜಪ್ಪ ಅಲ್ಲೇ ಅತ್ತ. ಇಷ್ಟು ಸುಲಭವಾಗಿ ಸಿಕ್ಕದ್ದರ ಹಿಂದೆ ಏನಿದೆ ಎಂದು ಕೇಳುವ ಧೈರ್ಯ ಹಮಾಲನಿಗೆ ಎಲ್ಲಿಂದ ಬರಬೇಕು?

ಇದ್ದದ್ದು ಬಯಲು.

ಸಾಹುಕಾರರಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಅವರಂಥವೇ ಹೊಟ್ಟೆಗಳಿರುವ ಕೆಲವರು ಸೇರಿ ಒಂದು ಸುಧಾರಣಾ ಬಳಗ ಮಾಡಿಕೊಂಡಿದ್ದಾರೆ. ನಡೆಯಲು ಅವರಿಗೆ ಹಳಿಯ ಪಕ್ಕದ ಬಯಲೇ ಬೇಕು. ಗಾಳಿ ಚೆನ್ನಾಗಿದೆಯಂತೆ. ಬಯಲು ಯಾರದೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಈಗ ಸಾಹುಕಾರರು, ನಮ್ಮ ಹಿರಿಯರದು ಎಂದರು. ಹಿಂದಿನ ವರ್ಷ ಕಂಬ ನೆಟ್ಟು ತಂತಿ ಎಳೆದಾಗ ಹೆಂಗಸರು ಕಂಬಗಳನ್ನು ಕಿತ್ತು ಒಲೆಗೆ ಹಾಕಿದ್ದರು. ಈ ಸಲ ಸಾಹುಕಾರರು ಜಾಣತನ ಮಾಡಿದರು. ಬೆಂಗಳೂರಿನಿಂದ ಐಶ್ವರ್ಯ ಎಂಬ ಮೇಡಮ್ಮನ್ನು ಕರೆಸಿ ವಾಕಿಂಗ್ ಉದ್ಯಾನದ ಬಣ್ಣದ ನಕ್ಷೆ ಬರೆಸಿದರು.

ಐಶ್ವರ್ಯ ಕೆಟ್ಟವಳಲ್ಲ. ಸುನಿತಾ ಓದಲಿರುವ ಕೋರ್ಸನ್ನೇ ಓದಿ ಬಂದವಳು. ಸುನಿತಾಳನ್ನು ಕರೆದುಕೊಂಡೇ ಗೋದಾಮಿನ ಹೆಂಗಸರನ್ನು ಮಾತಾಡಿಸಲು ಬಂದಳು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೇಳಿದಳು. "ನಿಮಗೆ ಏನಾದ್ರೂ ತೊಂದರೆ ಇದೆಯಾ?" ಪಕ್ಕದಲ್ಲಿ ಮುಕಾದಮ ನಿಂತಿದ್ದ. ಹೆಂಗಸರು ಎದ್ದು ನಿಂತು, "ಏನೂ ತೊಂದ್ರಿ ಇಲ್ರಿ," ಎಂದರು. ಮೇಡಂ ಮರಿಯವ್ವನ ಎಡಗೈ ನೋಡಿ, "ಅಯ್ಯೋ, ಗಾಯ ಆಗಿದೆಯಾ?" ಎಂದಳು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಸುನಿತಾಳಿಗೆ ಮಾತ್ರ ನಗು ಬರಲಿಲ್ಲ.

ನಕ್ಷೆಯಲ್ಲಿ ಬಯಲು ಹಸಿರಾಗಿತ್ತು. ಸುತ್ತ ಗೋಡೆ. ಒಳಗೆ ನಡೆಯುವ ದಾರಿ, ಕಲ್ಲಿನ ಬೆಂಚು, ಹೂವಿನ ಪಾತಿ.

"ಹೆಂಗಸ್ರಿಗೆ ಪಾಯಖಾನಿ ಎಲ್ಲೈತ್ರಿ ಮೇಡಂ?" ಎಂದು ಸುನಿತಾ ಕೇಳಿದಳು.

"ಅದು ಎರಡನೇ ಹಂತದಲ್ಲಿ ಬರುತ್ತೆ."

"ಎರಡನೇ ಹಂತ ಯಾವಾಗ?"

ಐಶ್ವರ್ಯ ನಕ್ಷೆಯ ಮೂಲೆಯನ್ನು ಬೆರಳಿನಿಂದ ಉಜ್ಜಿದಳು. "ನೋಡು ಸುನಿತಾ, ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು. ಮೊದಲು ನೀನು ಓದು. ಪ್ಲಾನರ್ ಆಗಿ ಬಾ. ಆಮೇಲೆ ನೀನೇ ಬದಲಾಯಿಸಬಹುದು."

ಆ ಸಂಜೆಯೇ ಸಾಹುಕಾರರು ಅಜ್ಜಪ್ಪನ ಕೈಯಲ್ಲಿ ಹೇಳಿ ಕಳಿಸಿದರು. ಗೋದಾಮಿನಲ್ಲಿ ಸತ್ಕಾರ ಸಮಾರಂಭ ಇದೆ. ಸುನಿತಾಳಿಗೆ ಶಾಲು ಹೊದಿಸುತ್ತಾರೆ. ಆಕೆ ಮೈಕಿನಲ್ಲಿ ಎರಡು ಮಾತು ಆಡಬೇಕು, ಕೇರಿಯ ಹೆಂಗಸರು ಖುಷಿಯಿಂದ ಬಯಲು ಬಿಟ್ಟುಕೊಡುತ್ತಾರೆ ಎಂದು. ಕೇರಿಯ ಹುಡುಗಿಯೇ ಹೇಳಿದ ಮೇಲೆ ಯಾರೂ ಕಂಬ ಕೀಳುವುದಿಲ್ಲ.

"ಹೇಳಿಬಿಡವ್ವ," ಎಂದ ಅಜ್ಜಪ್ಪ. "ಎರಡು ಮಾತಿಗೆ ನಿನ್ನ ಜನ್ಮ ಉದ್ಧಾರ ಆಗ್ತೈತಿ. ಓದಿ ಬಾ. ಆಮ್ಯಾಲ ನೀನ ಕಟ್ಟಸು."

ಅದೇ ಮಾತು. ಬೆಂಗಳೂರಿನ ಬಾಯಿಂದ ಬಂದದ್ದೂ ಅದೇ, ಹಮಾಲನ ಬಾಯಿಂದ ಬಂದದ್ದೂ ಅದೇ. ಸುನಿತಾಳಿಗೂ ಅದು ಖರೇ ಅನ್ನಿಸತೊಡಗಿತ್ತು. ಹೋಗಬೇಕು. ಈ ನಾತದಿಂದ ಹೋಗಬೇಕು. ಹಾಸ್ಟೆಲ್ಲಿನಲ್ಲಿ ಚಿಲಕ ಇರುವ ಬಾಗಿಲು ಇರುತ್ತದೆ. ಆ ಚಿಲಕದ ಆಸೆ ಆಕೆಗೆ ಎಷ್ಟಿತ್ತೆಂದರೆ, ನೆನೆದರೆ ನಾಚಿಕೆಯಾಗುತ್ತಿತ್ತು.

ಮರಿಯವ್ವ ಒಲೆಯ ಮುಂದೆ ಕೂತು ಎಡಗೈಯ ಅರಿವೆ ಬಿಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ನೀ ಓದಿ ಬರೂ ತನಕ ನಾವು ಎಲ್ಲಿ ಕುಂದ್ರೂದು?"

ಅಜ್ಜಪ್ಪ ಬೀಡಿ ಹಚ್ಚಿದ.

ಸಮಾರಂಭದ ದಿನ ಮೆಣಸಿನಕಾಯಿ ರಾಶಿಯನ್ನು ಒಂದು ಬದಿಗೆ ತಳ್ಳಿ ವೇದಿಕೆ ಮಾಡಿದ್ದರು. ಮೇಲೆ ಕುರ್ಚಿ. ಕೆಳಗೆ ತಾಡಪತ್ರಿ, ಅದರ ಮೇಲೆ ಹೆಂಗಸರು. ವೇದಿಕೆಯ ಹಿಂದೆ ಎರಡು ದೊಡ್ಡ ಫ್ಯಾನು. ಮೇಲಿನವರಿಗೆ ಗಾಳಿ, ಕೆಳಗಿನವರಿಗೆ ಘಾಟು. ಸಾಹುಕಾರರು ಬಂದಾಗ ಹೆಂಗಸರೆಲ್ಲ ದಡಬಡಿಸಿ ಎದ್ದು ನಿಂತರು. ಯಾರೂ ಏಳಿರಿ ಎನ್ನಲಿಲ್ಲ. ಸುನಿತಾ ಮೇಲಿನಿಂದ ಅದನ್ನು ನೋಡಿದಳು. ಬಯಲಿನಲ್ಲಿ ಏಳುವಂತೆಯೇ ಎದ್ದಿದ್ದರು. ಅದೇ ಅವಸರ, ಸೀರೆ ಎಳೆದುಕೊಳ್ಳುವ ಅದೇ ಕೈ, ನೆಲ ನೋಡುವ ಅದೇ ಕಣ್ಣು.

ಸಾಹುಕಾರರು ಶಾಲು ಹೊದಿಸಿದರು. ಅಂಚು ಹಿಡಿದು, ಬೆರಳು ಹೆಗಲಿಗೆ ತಾಕದ ಹಾಗೆ, ಮೇಲಿನಿಂದ ಬಿಟ್ಟರು. ಫೋಟೋ ತೆಗೆದರು. ಆಮೇಲೆ ಭಾಷಣ.

"ನಮ್ಮೂರ ಹೆಸರು ದೇಶದ ತುಂಬ ಐತಿ. ಮುಂಜಾನೆ ವಾಕಿಂಗ್ ಹೊಂಟ್ರ ಏನು ಕಾಣ್ತೈತಿ? ಹೇಳಾಕ ಅಸಹ್ಯ. ಪರಊರ ವ್ಯಾಪಾರಸ್ಥರು ಗಾಡ್ಯಾಗಿಂದ ನೋಡ್ತಾರ. ಊರ ಮರ್ಯಾದಿ ಹೋಗ್ತೈತಿ. ಇನ್ನ ಮುಂದ ಅಲ್ಲಿ ಹೂವು ಅರಳ್ತಾವ. ಈಗ ನಮ್ಮ ಸುನಿತಾ ಮಾತಾಡ್ತಾಳ."

ಚಪ್ಪಾಳೆ. ಸುನಿತಾ ಮೈಕಿನ ಮುಂದೆ ನಿಂತಳು. ಎರಡು ಮಾತು ಆಡಿದರೆ ಸಾಕು. ಕೆಳಗೆ ಅವ್ವ ಕೂತಿದ್ದಳು, ಎಡಗೈ ಸೆರಗಿನೊಳಗೆ ಮುಚ್ಚಿಟ್ಟುಕೊಂಡು. ಕೆಮ್ಮು ತಡೆದು ತಡೆದು ಆಕೆಯ ಮುಖ ಕೆಂಪಾಗಿತ್ತು. ಯಾಕೆ ತಡೆಯುತ್ತಿದ್ದಾಳೆಂದು ಸುನಿತಾಳಿಗೆ ಗೊತ್ತಿತ್ತು.

"ಸಾಹುಕಾರ್ರ, ಒಂದ ಮಾತು ಕೇಳ್ತೇನಿ," ಎಂದಳು. "ಇವತ್ತು ಮುಂಜಾನೆ ನೀವೆಲ್ಲಾರು ಎಲ್ಲಿ ಹೇತು ಬಂದ್ರಿ?"

ವೇದಿಕೆಯ ಮೇಲಿನ ಕುರ್ಚಿಗಳು ಕಿರುಗುಟ್ಟಿದವು.

"ಬಾಗಲಾ ಹಾಕ್ಕೊಂಡು, ಚಿಲಕಾ ಹಾಕ್ಕೊಂಡು ಕುಂತಿದ್ರಿ. ಯಾರರ ಬಂದು ಏಳ್ರಿ ಅಂದ್ರೇನು? ನಮ್ಮವ್ವ ದಿನಾ ನಡುವ ಏಳ್ತಾಳ. ಗಾಡಿ ಬಂದ್ರ ಏಳ್ತಾಳ. ನೀವು ವಾಕಿಂಗ್ ಬಂದ್ರ ಏಳ್ತಾಳ. ಬಸುರಿದ್ದಾಗೂ ಎದ್ದಾಳ, ಮುಟ್ಟಾದಾಗೂ ಎದ್ದಾಳ. ಮೇಡಂ, ಗಾಯ ಆಗೇತೇನು ಅಂತ ಕೇಳಿದ್ರೆಲ್ಲಾ, ಆ ಅರಿವಿ ಗಾಯಕ್ಕ ಸುತ್ತಿದ್ದಲ್ರಿ. ತೊಳ್ಕೊಳ್ಳೂ ಕೈಗೆ ಖಾರ ಹತ್ತಬಾರದಂತ ಸುತ್ತಿದ್ದು. ನಿಮ್ಮ ಮೆಣಸಿನಕಾಯಿ ನಮ್ಮವ್ವನ ಕುಂಡಿ ಉರಸ್ತೈತಿ ಸಾಹುಕಾರ್ರ. ಅದು ಅಸಹ್ಯ ಅಲ್ಲ. ಆಕಿ ಕುಂತದ್ದು ನಿಮ್ಮ ಕಣ್ಣಿಗೆ ಬಿದ್ದದ್ದು ಅಸಹ್ಯ!"

"ಮೈಕ ಬಂದ್ ಮಾಡ್ರಿ!" ಯಾರೋ ಕೂಗಿದರು. ಮೈಕು ಸತ್ತಿತು. ಸುನಿತಾಳ ಗಂಟಲು ಸಾಯಲಿಲ್ಲ.

"ಬಯಲ ಬಿಡೂದಿಲ್ಲ. ಮೊದಲ ಬಾಗಲಾ ಇರೂ ಪಾಯಖಾನಿ ಕಟ್ರಿ, ಆಮ್ಯಾಲ ಹೂವು ಹಚ್ರಿ. ನನ್ನ ಓದಸೂದು ಬ್ಯಾಡ. ಇವರು ಕುಂದ್ರೂ ಜಾಗಾ ಮಾರಿ ನಾ ಊರು ಕಟ್ಟೂದನ್ನ ಕಲೀಲಿ? ಥೂ!"

ಶಾಲು ತೆಗೆದು ಸಾಹುಕಾರರ ಖಾಲಿ ಕುರ್ಚಿಯ ಮೇಲೆ ಒಗೆದಳು. ಕುರ್ಚಿ ಖಾಲಿಯಾಗಿತ್ತು, ಏಕೆಂದರೆ ಸಾಹುಕಾರರು ಎದ್ದು ನಿಂತಿದ್ದರು. "ಎಷ್ಟು ಕಲತ್ರೂ ಬಾಯಿ ಹೊಲಸ ಬಿಡೂದಿಲ್ಲ ನೋಡು ಈ ಜಾತಿ. ಅಜ್ಜಪ್ಪಾ! ನಾಳಿಂದ ನೀನೂ ಬರಬ್ಯಾಡ, ನಿನ್ನ ಹೇಣ್ತಿನೂ ಬರೂದು ಬ್ಯಾಡ. ಬುಧವಾರ ಭೂಮಿಪೂಜಾ ಮಾಡೇ ಮಾಡ್ತೇನಿ. ಅದ್ಯಾರು ಕಂಬಾ ಕೀಳ್ತೀರಿ ನೋಡ್ತೇನಿ."

ಹೊರಗೆ ಐಶ್ವರ್ಯ ಹಿಂದಿನಿಂದ ಬಂದು ಸುನಿತಾಳ ತೋಳು ಹಿಡಿದಳು. ಆಕೆಯ ಕಣ್ಣು ಒದ್ದೆಯಾಗಿತ್ತು. ಘಾಟಿಗೋ ಏನೋ. "ನೀನು ಹೇಳಿದ್ದು ನಿಜ. ಆದ್ರೆ ಸೀಟು ಹೋಗುತ್ತಲ್ಲ ಸುನಿತಾ."

"ಸೀಟು ಮುಂದಿನ ವರ್ಷಾನೂ ಬರ್ತೈತ್ರಿ ಮೇಡಂ. ಬಯಲು ಬರೂದಿಲ್ಲ."

ಮನೆಯಲ್ಲಿ ಅಜ್ಜಪ್ಪ ಮಗಳ ಕಡೆ ನೋಡಲಿಲ್ಲ. ರೊಟ್ಟಿ ಮುರಿದು ಹಾಗೇ ಬಿಟ್ಟ. ಜನ್ಮವೆಲ್ಲ ಚೀಲ ಹೊತ್ತ ಬಾಗಿಲಿಗೆ ಇನ್ನು ಹೋಗುವಂತಿಲ್ಲ. ಮರುದಿನ ಸುನಿತಾ ತಾನು ಓದಿದ್ದ ಪುಸ್ತಕಗಳನ್ನು ಹಜರತಅಲಿ ಸರ್‌ಗೆ ಹಿಂದಿರುಗಿಸಲು ಹಾವೇರಿಗೆ ಹೋದಳು. ಸರ್ ತೆಗೆದುಕೊಳ್ಳಲಿಲ್ಲ. "ಇಟ್ಕೋ. ಸರಕಾರಿ ಹಾಸ್ಟೆಲ್ ಐತಿ, ವಿದ್ಯಾರ್ಥಿವೇತನ ಐತಿ. ತಡಾ ಆಗ್ತೈತಿ, ಆದ್ರ ಅದು ಯಾರ ಅಪ್ಪಂದೂ ಅಲ್ಲ," ಎಂದರು. ವಾಪಸು ಬರುವ ಬಸ್ಸಿನಲ್ಲಿ ಆಕೆ ಸೆರಗು ಮುಚ್ಚಿಕೊಂಡು ಅತ್ತಳು. ಚಿಲಕವಿರುವ ಆ ಬಾಗಿಲು ಕಣ್ಣ ಮುಂದೆ ಬರುತ್ತಲೇ ಇತ್ತು. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಆದರೆ ನೋವಿತ್ತು, ಸಿಟ್ಟಿತ್ತು. ಒಬ್ಬಳು ಓದಬೇಕೆಂದರೆ ಇಡೀ ಕೇರಿ ಉಚ್ಚೆ ತಡೆದುಕೊಳ್ಳಬೇಕು ಎನ್ನುವ ಈ ಊರಿನ ಲೆಕ್ಕವೇ ಅಸಹ್ಯ ಅನ್ನಿಸಿತು.

ಬುಧವಾರ ನಸುಕಿನಲ್ಲಿ ಕೇರಿಯ ಯಾವ ಹೆಂಗಸೂ ಬಯಲಿಗೆ ಹೋಗಲಿಲ್ಲ. ತಂಬಿಗೆಗಳು ತುಂಬಿ ಬಾಗಿಲಲ್ಲಿ ಕೂತಿದ್ದವು. ಹೊಟ್ಟೆ ಹಿಡಿದುಕೊಂಡು ಎಲ್ಲರೂ ಕಾದರು. ಇದು ಮರಿಯವ್ವನ ಮಾತು. ಹಿಂದಿನ ಸಂಜೆ ಮನೆ ಮನೆಗೆ ಹೋಗಿ ಹೇಳಿ ಬಂದಿದ್ದಳು. "ನಾಳೆ ಕತ್ತಲದಾಗ ಹೋಗಬ್ಯಾಡ್ರಿ. ಬೆಳಕ ಹರೀಲಿ. ಸಾಹುಕಾರ ಬರ್ಲಿ." ಕೆಲವರು ನಾಚಿಕೊಂಡಿದ್ದರು. ಒಬ್ಬಳು ಬಾಗಿಲು ಹಾಕಿಕೊಂಡಿದ್ದಳು. ಗೋದಾಮಿನ ಕೆಲಸ ಹೋದೀತೆಂಬ ಅಂಜಿಕೆ ಎಲ್ಲರಿಗೂ ಇತ್ತು. ಆದರೂ ಬಂದರು.

ಬೆಳಕು ಹರಿಯಿತು. ಸಾಹುಕಾರರು ಬಿಳಿ ಬೂಟು ಹಾಕಿಕೊಂಡು, ಬಳಗದವರನ್ನು ಕರೆದುಕೊಂಡು ಬಂದರು. ಪೂಜಾರಿ, ತೆಂಗಿನಕಾಯಿ, ಕುಂಕುಮ ಹಚ್ಚಿದ ಹೊಸ ಸಲಿಕೆ. ಅದೇ ಹೊತ್ತಿಗೆ ಕೇರಿಯ ಓಣಿಯಿಂದ ಹೆಂಗಸರು ತಂಬಿಗೆ ಹಿಡಿದು ಹೊರಟರು. ಮುಂದೆ ಮರಿಯವ್ವ, ಪಕ್ಕದಲ್ಲಿ ಸುನಿತಾ. ಪೂಜೆಗೆ ಸಾರಿಸಿದ ಜಾಗದ ಸುತ್ತಲೂ, ಕಂಟಿಯ ಮರೆ ಹುಡುಕದೆ, ಕೂತರು.

ಪೂಜಾರಿಯ ಮಂತ್ರ ನಿಂತಿತು.

"ಏಯ್! ಏಳ್ರಿ!" ಸಾಹುಕಾರರು ಕೂಗಿದರು. "ನಾಚಿಕಿ ಇಲ್ಲೇನು? ಏಳ್ರಿ ಅಂದ್ರ!"

ಯಾರೂ ಏಳಲಿಲ್ಲ. ಕೆಲವರ ಮೊಣಕಾಲು ತಾನಾಗಿ ಎದ್ದುಕೊಳ್ಳಲು ನೋಡಿತು. ಎಷ್ಟು ವರ್ಷಗಳ ಅಭ್ಯಾಸ! ಮರಿಯವ್ವ ಪಕ್ಕದವಳ ತೋಳು ಹಿಡಿದು ಕೆಳಗೆ ಎಳೆದಳು. ಎಲ್ಲರ ಕಣ್ಣೂ ಸಾಹುಕಾರರ ಮುಖದ ಮೇಲೆ. ಮೊದಲ ಸಲ ಆ ಬಯಲಿನಲ್ಲಿ ಹೆಂಗಸರು ನೆಲ ನೋಡುತ್ತಿರಲಿಲ್ಲ.

ದೂರದಲ್ಲಿ ಗಾಡಿ ಕೂಗಿತು. ಹಳಿ ಗುಂಯ್ ಎಂದಿತು. ಮಂಗಳವ್ವ ಕತ್ತು ಹೊರಳಿಸಿ ನೋಡಿದಳು. ಬೊಚ್ಚು ಬಾಯಿ ತೆರೆದಳು. ರೂಢಿಯಂತೆ ಅರ್ಧ ಮಾತು ಹೊರಗೆ ಬಂತು.

"ಗಾಡಿ ಬಂತು..."

ಎಲ್ಲರೂ ಆಕೆಯ ಕಡೆ ನೋಡಿದರು. ಮುದುಕಿ ತಂಬಿಗೆಯನ್ನು ನೆಲಕ್ಕೆ ಒತ್ತಿ ಇಟ್ಟಳು. ಆಮೇಲೆ ಎಂದಿಗಿಂತ ಜೋರಾಗಿ ಕೂಗಿದಳು.

"ಗಾಡಿ ಬಂತು, ಕುಂದ್ರಿ!"

ಗಾಡಿ ಬಂತು. ಕಿಟಕಿಗಳಲ್ಲಿ ಮುಖಗಳಿದ್ದವು. ಸಿಳ್ಳು ಹಾಕಲು ತುಟಿ ಮುಂದೆ ಮಾಡಿದ್ದವನೊಬ್ಬ ಹಾಗೇ ಉಳಿದ. ಒಬ್ಬೊಬ್ಬರಾಗಿ ಮುಖ ಒಳಗೆ ಎಳೆದುಕೊಂಡರು. ಸಾಹುಕಾರರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು, ಬೆನ್ನು ತಿರುಗಿಸಿದರು, ಬಿಳಿ ಬೂಟನ್ನು ಎಲ್ಲಿ ಇಡಬೇಕೆಂದು ನೆಲ ನೋಡುತ್ತ ನಡೆದರು. ಪೂಜಾರಿ ಒಡೆಯದ ತೆಂಗಿನಕಾಯಿಯನ್ನು ಬಗಲಲ್ಲಿ ಇಟ್ಟುಕೊಂಡು ಹಿಂದೆ ಓಡಿದ. ಸಲಿಕೆ ಅಲ್ಲೇ ಬಿದ್ದಿತ್ತು.

ನಾಳೆ ಪೊಲೀಸರು ಬರಬಹುದು. ಗೋದಾಮಿನ ಬಾಗಿಲು ಎಲ್ಲರಿಗೂ ಮುಚ್ಚಬಹುದು. ಸುನಿತಾಳಿಗೆ ಅದೆಲ್ಲ ಗೊತ್ತಿತ್ತು. ಗಾಡಿಯ ಕೊನೆಯ ಡಬ್ಬಿ ದಾಟುವ ತನಕ ಆಕೆ ಕೂತೇ ಇದ್ದಳು. ಹುಟ್ಟಿದಾಗಿನಿಂದ ಮೊದಲ ಸಲ, ನಡುವೆ ಏಳದೆ, ಪೂರ್ತಿ ಮುಗಿಸಿ ಎದ್ದಳು.